ಸೂಜಿ-ದಾರದ ಸೇವೆ

ಶತಮಾನೋತ್ಸವದ ಈ ಸುಸಂದರ್ಭದಲ್ಲಿ ಹಿಂದಿನದನ್ನು ಸ್ಮರಿಸುವಾಗ, ನೂರು ವರ್ಷಗಳ ಅಂತರದಲ್ಲಿ ನಮ್ಮ ಮೈಸೂರು ಸೀಮೆಯನ್ನು ಕಾಡಿದ ಎರಡು ಮಹಾಮಾರಿಗಳನ್ನು ನಾವು ಮರೆಯಲಾಗದು. 1918ರ ಇನ್‌ಫ್ಲುಯೆಂಜಾ ಜ್ವರವು ಮೈಸೂರು ಸಂಸ್ಥಾನದಲ್ಲಿ ಅಪಾರ ಜೀವಹಾನಿಯನ್ನುಂಟುಮಾಡಿತು. ಆಗ ದೂರದ ಅಮೆರಿಕದಲ್ಲಿ ರೆಡ್‌ಕ್ರಾಸ್ ಸ್ವಯಂಸೇವಕಿಯರು ದಾದಿಯರಿಗಾಗಿ ತೆಳುಬಟ್ಟೆಯ ಮುಖಗವಸುಗಳನ್ನು ಹೊಲಿದುಕೊಟ್ಟರು.

2020ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯ ನಂಜನಗೂಡಿನಲ್ಲಿ ಕೊರೋನಾ ಹಬ್ಬತೊಡಗಿತು. 25ರಿಂದ ದೇಶವೇ ಸ್ತಬ್ಧವಾಯಿತು. ಕಾರ್ಖಾನೆಯ ಮುಖಗವಸುಗಳು ಆಸ್ಪತ್ರೆಗಳಿಗೇ ಸಾಲದಾದವು. ಆಗ ರಾಜ್ಯದ ಹಲವೆಡೆ ಸ್ವಸಹಾಯ ಸಂಘಗಳ ಮಹಿಳೆಯರು ಹೊಲಿಗೆಯಂತ್ರದ ಮುಂದೆ ಕುಳಿತು, ಒಗೆದು ಮತ್ತೆ ಧರಿಸಬಹುದಾದ ಹತ್ತಿಬಟ್ಟೆಯ ಗವಸುಗಳನ್ನು ಸಿದ್ಧಪಡಿಸಿದರು.

ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಇಲಾಖೆಯು ಇಂತಹ ಗವಸುಗಳನ್ನು ಜನಸಾಮಾನ್ಯರು ಧರಿಸಬೇಕೆಂದೂ, ರೋಗಿಗಳ ಶುಶ್ರೂಷೆ ಮಾಡುವವರಿಗೆ ಇವು ತಕ್ಕವಲ್ಲವೆಂದೂ ತಿಳಿಸಿತು. ಹಾಗಾದರೆ ಆ ಶ್ರಮವು ದಾದಿಯರಿಗೆ ತಲುಪಲಿಲ್ಲವೇ? ಖಂಡಿತವಾಗಿ ತಲುಪಿತು. ಊರಿನವನೊಬ್ಬನು ಬಟ್ಟೆಯ ಗವಸು ಧರಿಸಿದಾಗ, ಕಾರ್ಖಾನೆಯ ಗವಸೊಂದು ಆಸ್ಪತ್ರೆಗೆ ಉಳಿಯಿತು. ಕೆಮ್ಮುವವನ ಬಾಯಿ ಮುಚ್ಚಿದ್ದರಿಂದ, ಮನೆಮನೆಗೆ ಹೋಗಿ ವಿಚಾರಿಸುವ ಆಶಾ ಕಾರ್ಯಕರ್ತೆಯ ಅಪಾಯವೂ ತಗ್ಗಿತು. ಕಾಕನಕೋಟೆಯ ಕಾಡಂಚಿನ ಹಾಡಿಗಳನ್ನು ಬಲ್ಲ ನಮಗೆ ಆಕೆಯ ನಡಿಗೆಯ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಅರಸರ ಕಾಲದ ದಾಖಲೆಗಳಲ್ಲಿ ಮಡಿದವರ ಲೆಕ್ಕ ಸಿಗುತ್ತದೆ. ಸೇವೆಗೈದ ಸಾಮಾನ್ಯರ ಹೆಸರು ಸಿಗುವುದು ವಿರಳ. ಆದುದರಿಂದ ಆ ದಿನಗಳಲ್ಲಿ ಸೂಜಿ ಹಿಡಿದ ತಾಯಂದಿರು, ಸೋದರಿಯರು ನಮ್ಮ ಮನೆಗಳಲ್ಲಿದ್ದರೆ, ಅವರ ಹೆಸರನ್ನೂ ಕಾರ್ಯವನ್ನೂ ಇಂದೇ ಬರೆದಿಡೋಣ. ಮುಂದಿನ ಶತಮಾನೋತ್ಸವವನ್ನು ಆಚರಿಸುವವರಿಗೆ ಅದು ನಾವು ಬಿಟ್ಟುಹೋಗುವ ಆಸ್ತಿಯಾದೀತು.