ತಂಡದ ಪಾತ್ರಾಭಿನಯ ಗಣಕ ಆಟಗಳಲ್ಲಿ ಅಡಗುವಿಕೆ ಮತ್ತು ಗುಪ್ತವಸ್ತು ಶೋಧ

ಒಬ್ಬ ಆಟಗಾರ ನಾಲ್ಕರಿಂದ ಆರು ಪಾತ್ರಗಳ ತಂಡ ಕಟ್ಟಿಕೊಂಡು ನಡೆಸುವ ಕಂಪ್ಯೂಟರ್ ರೋಲ್ ಪ್ಲೇಯಿಂಗ್ ಆಟಗಳಲ್ಲಿ ಶತ್ರುವಿನ ಕಣ್ಣು ತಪ್ಪಿಸಿ ಓಡಾಡುವುದಕ್ಕೂ, ನೆಲ, ಗೋಡೆ, ಪೆಟ್ಟಿಗೆಗಳಲ್ಲಿ ಬಚ್ಚಿಟ್ಟಿದ್ದನ್ನು ಪತ್ತೆ ಮಾಡುವುದಕ್ಕೂ ಇರುವ ನಿಯಮಗಳ ಒಟ್ಟು ಏರ್ಪಾಡು ಇದು. ಅಡಗುವುದು ಒಂದು ವಿದ್ಯೆ, ಹುಡುಕುವುದು ಇನ್ನೊಂದು ಎಂದು ಆಟದ ಕೈಪಿಡಿಗಳು ಬೇರೆ ಬೇರೆ ಪುಟಗಳಲ್ಲಿ ಬರೆದರೂ ಎರಡರ ಬೇರು ಒಂದೇ. ಯಾರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಆಟ ಹೇಗೆ ತೀರ್ಮಾನಿಸುತ್ತದೆ ಎನ್ನುವುದೇ ಆ ಬೇರು.

ಒಂಟಿ ನಾಯಕನ ಆಟದಲ್ಲಿ ಈ ತೀರ್ಮಾನ ಸುಲಭ. ತಂಡ ಬಂದ ಕೂಡಲೇ ಸಂಖ್ಯೆಯ ತೊಡಕು ಎದುರಾಗುತ್ತದೆ. ಆರು ಜನರಲ್ಲಿ ಪ್ರತಿಯೊಬ್ಬರಿಗೂ ಗುಪ್ತ ಬಾಗಿಲೊಂದು ಕಾಣುವ ಸಾಧ್ಯತೆ ಶೇ. 30 ಎಂದಿಟ್ಟುಕೊಂಡರೆ, ಆರರಲ್ಲಿ ಒಬ್ಬರಿಗಾದರೂ ಅದು ಕಾಣುವ ಸಾಧ್ಯತೆ ಸುಮಾರು ಶೇ. 88. ಅದೇ ಆರು ಜನ ಕಾವಲುಗಾರನ ಮುಂದೆ ಸುಳಿವು ಕೊಡದೆ ದಾಟಬೇಕು, ಪ್ರತಿಯೊಬ್ಬರೂ ಗೆಲ್ಲುವ ಸಾಧ್ಯತೆ ಶೇ. 70 ಎಂದಾದರೆ, ಆರೂ ಮಂದಿ ಒಟ್ಟಿಗೆ ಗೆಲ್ಲುವ ಸಾಧ್ಯತೆ ಶೇ. 12ಕ್ಕೆ ಇಳಿಯುತ್ತದೆ. ತಂಡ ದೊಡ್ಡದಾದಷ್ಟೂ ಹುಡುಕಾಟ ಹಗುರ, ಅಡಗುವಿಕೆ ಭಾರ. ಕಳೆದ ನಾಲ್ಕು ದಶಕಗಳಲ್ಲಿ ಬಂದ ಬಹುತೇಕ ವ್ಯವಸ್ಥೆಗಳನ್ನು ಈ ಒಂದು ಲೆಕ್ಕಕ್ಕೆ ವಿನ್ಯಾಸಕರು ಕೊಟ್ಟ ಬೇರೆ ಬೇರೆ ಉತ್ತರಗಳೆಂದೇ ಓದಬಹುದು.

ಕಳ್ಳನ ಹುಟ್ಟು

ಮೂಲ ಕಂಪ್ಯೂಟರಿನಲ್ಲಿಲ್ಲ, ಮೇಜಿನ ಮೇಲೆ ಕಾಗದ ಮತ್ತು ದಾಳಗಳಿಂದ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿದೆ. 1975ರಲ್ಲಿ ಬಂದ ಗ್ರೇಹಾಕ್ ಎಂಬ ಪುರವಣಿ ಆ ಆಟಕ್ಕೆ ಕಳ್ಳ ಎಂಬ ವರ್ಗವನ್ನು ಸೇರಿಸಿತು. ಬೀಗ ತೆರೆಯುವುದು, ಬಲೆ ಬಿಚ್ಚುವುದು, ಸದ್ದಿಲ್ಲದೆ ನಡೆಯುವುದು, ನೆರಳಿನಲ್ಲಿ ಅಡಗುವುದು – ಇವೆಲ್ಲಕ್ಕೂ ಶೇಕಡಾವಾರು ಅಂಕಗಳು ಬಂದವು. ಹೀಗೆ ತಂಡದ ಒಬ್ಬನಿಗೆ ಮಾತ್ರ ಈ ವಿದ್ಯೆಗಳನ್ನು ಒಪ್ಪಿಸಿದ್ದೇ ಆರು ಜನರ ಲೆಕ್ಕಕ್ಕೆ ಸಿಕ್ಕ ಮೊದಲ ಉತ್ತರ: ಎಲ್ಲರೂ ಅಡಗಬೇಕಿಲ್ಲ, ಒಬ್ಬ ಮುಂದೆ ಹೋಗಲಿ, ಉಳಿದವರು ಹಿಂದೆ ನಿಲ್ಲಲಿ.

1981ರಲ್ಲಿ ಸರ್-ಟೆಕ್ ಹೊರತಂದ ವಿಝಾರ್ಡ್ರಿ ಆರು ಜನರ ತಂಡವನ್ನು ಪರದೆಗೆ ತಂದಿತು. ಅದರಲ್ಲಿ ಕಳ್ಳನ ಕೆಲಸವೆಲ್ಲ ಪೆಟ್ಟಿಗೆಯ ಮುಂದೆಯೇ. ಕಾಳಗ ಮುಗಿದ ಮೇಲೆ ಸಿಗುವ ಪೆಟ್ಟಿಗೆಯನ್ನು ಅವನು ಪರೀಕ್ಷಿಸಿ ವಿಷದ ಸೂಜಿಯೋ, ಅನಿಲದ ಬಾಂಬೋ, ತಂಡವನ್ನೇ ಎಲ್ಲಿಗೋ ಎತ್ತಿ ಎಸೆಯುವ ಯಂತ್ರವೋ ಎಂದು ಹೇಳುತ್ತಿದ್ದ. ಹೇಳಿದ್ದು ತಪ್ಪಾಗಿರಬಹುದಿತ್ತು. ಬಲೆ ಬಿಚ್ಚಬೇಕಾದರೆ ಆಟಗಾರ ಅದರ ಹೆಸರನ್ನು ತಾನೇ ಕೀಲಿಮಣೆಯಲ್ಲಿ ಒತ್ತಬೇಕಿತ್ತು. ಕ್ಯಾಲ್ಫೋ ಎಂಬ ಪುರೋಹಿತ ಮಂತ್ರ ಕಳ್ಳನಿಗಿಂತ ನಂಬಿಕೆಯ ಉತ್ತರ ಕೊಡುತ್ತಿತ್ತು. ಹೀಗಾಗಿ ಕಳ್ಳನ ಮಾತನ್ನೂ ಮಂತ್ರದ ಮಾತನ್ನೂ ತಾಳೆ ನೋಡಿ, ಯಾವುದನ್ನು ನಂಬುವುದೆಂದು ಆಟಗಾರನೇ ನಿರ್ಧರಿಸುತ್ತಿದ್ದ. ಗುಪ್ತ ಬಾಗಿಲುಗಳು ಕಾಣಲು ಮಿಲ್ವಾ ಎಂಬ ಬೆಳಕಿನ ಮಂತ್ರ ಬೇಕಿತ್ತು. ಅಂದರೆ ಕಾಣುವ ಶಕ್ತಿ ಆಗಲೇ ಕಳ್ಳನೊಬ್ಬನ ಸ್ವತ್ತಾಗಿ ಉಳಿದಿರಲಿಲ್ಲ.

1988ರ ಪೂಲ್ ಆಫ್ ರೇಡಿಯನ್ಸ್, ಎಸ್‌ಎಸ್‌ಐ ಸಂಸ್ಥೆಯ ಗೋಲ್ಡ್ ಬಾಕ್ಸ್ ಸರಣಿಯ ಮೊದಲ ಆಟ, ಹುಡುಕಾಟಕ್ಕೆ ಸಮಯದ ಬೆಲೆ ಕಟ್ಟಿತು. ಸಾಮಾನ್ಯ ನಡಿಗೆಯಲ್ಲಿ ಒಂದು ಚೌಕ ದಾಟಲು ಆಟದ ಗಡಿಯಾರದಲ್ಲಿ ಒಂದು ನಿಮಿಷ. ಹುಡುಕುತ್ತಾ ನಡೆದರೆ ಹತ್ತು ನಿಮಿಷ. ಹುಡುಕಾಟ ಪುಕ್ಕಟೆ ಅಲ್ಲ ಎಂದು ಹೇಳುವ ಇದಕ್ಕಿಂತ ಸರಳ ನಿಯಮ ಈ ಪ್ರಕಾರದಲ್ಲಿ ಅಪರೂಪ. ಅದೇ ವರ್ಷದ ದಿ ಬಾರ್ಡ್ಸ್ ಟೇಲ್ 3 ಕಳ್ಳನನ್ನು ಕಾಳಗದ ನಡುವೆಯೇ ನೆರಳಿಗೆ ಸರಿಯುವಂತೆ ಮಾಡಿ, ಹೊಂಚಿನ ಹೊಡೆತಕ್ಕೆ ನಿಜವಾದ ತೂಕ ಕೊಟ್ಟಿತು.

ಆಟಗಾರನ ಕಣ್ಣು

ಇನ್ನೊಂದು ಪರಂಪರೆಯಲ್ಲಿ ಹುಡುಕುವುದು ಪಾತ್ರವಲ್ಲ, ಆಟಗಾರನೇ. ಎಫ್‌ಟಿಎಲ್ ಗೇಮ್ಸ್ 1987ರಲ್ಲಿ ಅಟಾರಿ ಎಸ್‌ಟಿ ಗಣಕಕ್ಕೆ ತಂದ ಡಂಜನ್ ಮಾಸ್ಟರ್‌ನಲ್ಲಿ ನಾಲ್ವರ ತಂಡವಿದ್ದರೂ, ಕಲ್ಲಿನ ಗೋಡೆಯ ಮೇಲಿನ ಚಿಕ್ಕ ಗುಂಡಿಯನ್ನು ಗಮನಿಸಬೇಕಾದವನು ಪರದೆಯ ಮುಂದೆ ಕೂತವನು. ನಾಲ್ವರಲ್ಲಿ ಯಾರೂ ಅದನ್ನು ಅವನ ಪರವಾಗಿ ನೋಡಿಕೊಡುವುದಿಲ್ಲ. 1992ರ ಅಲ್ಟಿಮಾ 7 ಇದನ್ನು ಇನ್ನೊಂದು ದಾರಿಯಲ್ಲಿ ಬೆಳೆಸಿತು. ಅಲ್ಲಿ ಕೈಗೆ ಸಿಗುವ ಸಣ್ಣ ವಸ್ತುಗಳನ್ನೆಲ್ಲ ಎತ್ತಿ ಪಕ್ಕಕ್ಕಿಡಬಹುದು, ಒಂದರ ಕೆಳಗೆ ಇನ್ನೊಂದು ಇರಬಹುದು. 2012ರಲ್ಲಿ ಫಿನ್ಲೆಂಡಿನ ಆಲ್ಮೋಸ್ಟ್ ಹ್ಯೂಮನ್ ತಂಡದ ಲೆಜೆಂಡ್ ಆಫ್ ಗ್ರಿಮ್‌ರಾಕ್ ಡಂಜನ್ ಮಾಸ್ಟರ್‌ನ ಈ ಗೋಡೆ ಗುಂಡಿಗಳನ್ನೇ ಹೊಸ ತಲೆಮಾರಿಗೆ ದಾಟಿಸಿತು.

ಆಟಗಾರನ ಕಣ್ಣನ್ನು ನಂಬುವುದರಲ್ಲಿ ಒಂದು ದೊಡ್ಡ ಗುಣವಿದೆ: ಸಿಕ್ಕಿದ್ದು ತನ್ನದೇ ಗಳಿಕೆ ಎಂಬ ತೃಪ್ತಿಯನ್ನು ದಾಳ ಕೊಡಲಾರದು. ಆದರೆ ಇದೇ ದಾರಿ ಅತಿಗೆ ಹೋದಾಗ ಪರದೆಯನ್ನು ಇಂಚಿಂಚಾಗಿ ಮೌಸಿನಿಂದ ತಡಕುವ ಕೂಲಿಯಾಗುತ್ತದೆ. ಬಯೋವೇರ್ 1998ರ ಡಿಸೆಂಬರಿನಲ್ಲಿ ಹೊರತಂದ ಬಾಲ್ಡರ್ಸ್ ಗೇಟ್‌ನಲ್ಲಿ ಇದರ ಹೆಸರಾಂತ ಉದಾಹರಣೆಗಳಿವೆ. ಮಾಂತ್ರಿಕನ ಮೊದಲ ಹಂತದ ಮಂತ್ರಗಳನ್ನು ಇಮ್ಮಡಿಗೊಳಿಸುವ ಎವರ್‌ಮೆಮರಿ ಉಂಗುರ ಫ್ರೆಂಡ್ಲಿ ಆರ್ಮ್ ಇನ್ ಎಂಬ ಛತ್ರದ ಬಯಲಿನ ಒಂದು ಮರದಲ್ಲಿದೆ. ಆ್ಯಂಕೆಗ್ ಎಂಬ ಹುಳುವಿನ ಚಿಪ್ಪಿನ ಕವಚವೊಂದು ನ್ಯಾಶ್ಕೆಲ್ ಊರಿನ ಹೊಲದಲ್ಲಿ ಹೂತಿದೆ. ಯಾವ ಸಂಭಾಷಣೆಯೂ ಆಟಗಾರನನ್ನು ಅತ್ತ ಕಳಿಸುವುದಿಲ್ಲ. ಕರ್ಸರ್ ಆ ಜಾಗದ ಮೇಲೆ ಹಾದು ಆಕಾರ ಬದಲಿಸಿದರಷ್ಟೇ ಗೊತ್ತಾಗುವುದು. ಬಾಯಿಂದ ಬಾಯಿಗೆ ಹಬ್ಬಿದ ಈ ಗುಟ್ಟುಗಳು ಆಟದ ಜನಪದವಾಗಿ ಉಳಿದಿವೆ, ನಿಜ. ನ್ಯಾಯವಾದ ವಿನ್ಯಾಸ ಎಂದು ಅವನ್ನು ಕರೆಯಲಾಗದು. ತಂಡದಲ್ಲಿ ಎಂಥ ಚುರುಕುಗಣ್ಣಿನ ಕಳ್ಳನಿದ್ದರೂ ಅವನ ವಿದ್ಯೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಬಾಲ್ಡರ್ಸ್ ಗೇಟ್‌ನ ಮಾದರಿ

ಉಂಗುರದ ಮಾತು ಬದಿಗಿಟ್ಟರೆ, ಇನ್ಫಿನಿಟಿ ಎಂಜಿನ್ ಮೇಲೆ ಕಟ್ಟಿದ ಬಾಲ್ಡರ್ಸ್ ಗೇಟ್ ಮತ್ತು 2000ರ ಅದರ ಎರಡನೇ ಭಾಗ ಈ ವಿಷಯದಲ್ಲಿ ಇಂದಿಗೂ ಅಳತೆಗೋಲು. ಆರು ಜನರ ತಂಡ, ಬೇಕೆಂದಾಗ ನಿಲ್ಲಿಸಬಹುದಾದ ನೈಜಕಾಲದ ಕಾಳಗ, ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಎರಡನೇ ಆವೃತ್ತಿಯ ನಿಯಮ. ಮೊದಲ ಭಾಗದಲ್ಲಿ ಅಡಗುವಿಕೆ ಒಂದೇ ಅಂಕವಾಗಿತ್ತು. ಎರಡನೆಯದರಲ್ಲಿ ಸದ್ದಿಲ್ಲದ ನಡಿಗೆ ಬೇರೆ, ನೆರಳಲ್ಲಿ ಅಡಗುವುದು ಬೇರೆ ಎಂದಾಯಿತು. ಆಟದ ಒಂದು ಸುತ್ತು ಆರು ಸೆಕೆಂಡು. ಪ್ರತಿ ಸುತ್ತಿಗೊಮ್ಮೆ ಎಂಜಿನ್ ಹಿನ್ನೆಲೆಯಲ್ಲಿ ದಾಳ ಉರುಳಿಸಿ ಅಡಗಿದವನು ಅಡಗಿಯೇ ಇದ್ದಾನೋ ಇಲ್ಲವೋ ನೋಡುತ್ತದೆ. ಹಗಲ ಬೆಳಕಿನ ಬಯಲಿನಲ್ಲಿ ಕಷ್ಟ, ರಾತ್ರಿಯಲ್ಲಿ ಮತ್ತು ನೆರಳಿನಲ್ಲಿ ಸುಲಭ. ಶತ್ರುವಿನ ಕಣ್ಣೆದುರೇ ಮರೆಯಾಗಲು ಬಿಡುವುದಿಲ್ಲ.

ಅಡಗಿದ ಕಳ್ಳ ಬೆನ್ನ ಹಿಂದಿನಿಂದ ಇರಿದರೆ ಪೆಟ್ಟು ಗುಣಿಸಿ ಬೀಳುತ್ತದೆ: ಒಂದರಿಂದ ನಾಲ್ಕನೇ ಹಂತದವರೆಗೆ ಎರಡರಷ್ಟು, ಐದರಿಂದ ಎಂಟರವರೆಗೆ ಮೂರರಷ್ಟು, ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕರಷ್ಟು, ಮುಂದೆ ಐದರಷ್ಟು. ಆಟಗಾರರು ಹೆಚ್ಚು ಮಾತಾಡುವುದು ಈ ಇರಿತದ ಬಗ್ಗೆ. ಆದರೆ ಅಡಗುವಿಕೆಯ ದೊಡ್ಡ ಫಲ ಸುದ್ದಿ ತರುವುದರಲ್ಲಿದೆ. ಈ ಆಟಗಳಲ್ಲಿ ಕಾಲಿಡದ ಜಾಗ ಕಪ್ಪಾಗಿರುತ್ತದೆ, ಒಮ್ಮೆ ನೋಡಿ ಬಿಟ್ಟುಬಂದ ಜಾಗದ ಮೇಲೆ ಬೂದು ಮಬ್ಬು ಕವಿಯುತ್ತದೆ. ತಂಡದ ಯಾವನೇ ಒಬ್ಬ ಕಂಡದ್ದು ಆರು ಮಂದಿಗೂ ಕಂಡಂತೆ. ಆದ್ದರಿಂದ ಕಳ್ಳನೊಬ್ಬ ಕೋಣೆಯ ಅಂಚಿನಲ್ಲಿ ಕಾಣದೆ ನಿಂತು ನೋಡುತ್ತಿದ್ದರೆ, ದೂರದಲ್ಲಿರುವ ಮಾಂತ್ರಿಕ ಅವನ ಕಣ್ಣಿನಿಂದಲೇ ಗುರಿ ಹಿಡಿದು ಬೆಂಕಿಯುಂಡೆಯನ್ನೋ ಜೇಡರ ಬಲೆಯ ಮಂತ್ರವನ್ನೋ ಎಸೆಯಬಹುದು. ಒಬ್ಬನ ಗುಟ್ಟು ಆರು ಜನರ ಆಯುಧವಾಗುವುದು ಇಲ್ಲಿ. ಆರು ಜನರನ್ನು ಅಡಗಿಸಲಾರದ ಲೆಕ್ಕದಿಂದಲೇ ಅಡಗಿದ ಒಬ್ಬನಿಗೆ ಇಷ್ಟು ಬೆಲೆ ಬಂದಿತು. ಇದಕ್ಕಿಂತ ಒಳ್ಳೆಯ ಉತ್ತರ ಆಮೇಲೂ ಹೆಚ್ಚು ಬಂದಿಲ್ಲ.

ಹುಡುಕಾಟವೂ ಕಳ್ಳನದೇ. ಬಲೆ ಹುಡುಕುವ ಗುಂಡಿ ಒತ್ತಿ ಅವನನ್ನು ಬಿಟ್ಟರೆ ಸುತ್ತಲಿನ ಬಲೆಗಳು ಕೆಂಪು ಬಣ್ಣದಲ್ಲಿ ತೋರುತ್ತವೆ, ಗುಪ್ತ ಬಾಗಿಲುಗಳೂ ಬಯಲಾಗುತ್ತವೆ. ಆದರೆ ಹುಡುಕುವ ಸ್ಥಿತಿ ಮತ್ತು ಅಡಗುವ ಸ್ಥಿತಿ ಒಟ್ಟಿಗೆ ನಡೆಯವು. ಕತ್ತಲೆಯ ಓಣಿಯಲ್ಲಿ ಮುಂದಿನ ಹತ್ತು ಹೆಜ್ಜೆಗೆ ಶತ್ರುವಿನ ಭಯ ಹೆಚ್ಚೋ, ಬಲೆಯ ಭಯ ಹೆಚ್ಚೋ ಎಂದು ಆಟಗಾರ ಆಯ್ಕೆ ಮಾಡಲೇಬೇಕು. ಈ ಆಯ್ಕೆಯ ಒತ್ತಡ ಅತ್ಯಂತ ಚೆನ್ನಾಗಿ ಮೂಡಿರುವುದು 1999ರ ಟೇಲ್ಸ್ ಆಫ್ ದಿ ಸೋರ್ಡ್ ಕೋಸ್ಟ್ ವಿಸ್ತರಣೆಯ ಡರ್ಲಾಗನ ಗೋಪುರದಲ್ಲಿ. ತನ್ನವರ ರೂಪ ತಾಳಿ ಬಂದ ಮಾಯಾವಿಗಳಿಗೆ ಬಂಧುಬಳಗವನ್ನೆಲ್ಲ ಕಳೆದುಕೊಂಡ ಕುಬ್ಜ ವೀರ ಡರ್ಲಾಗ್, ಯಾರನ್ನೂ ನಂಬದಂತಾಗಿ ಮನೆಯ ತುಂಬ ಬಲೆ ಹೂಡಿದ ಎಂಬುದು ಅದರ ಕಥೆ. ಬೇರೆಡೆ ಬಲೆಗಳನ್ನು ಯಾರು, ಯಾಕೆ ಇಟ್ಟರೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಒಂದೊಂದು ಬಲೆಯೂ ಒಬ್ಬ ದುಃಖಿತನ ಮನಸ್ಸಿನ ಸಾಕ್ಷಿ. ಗುಪ್ತವಸ್ತುವಿನ ನಿಯಮ ಕಥೆಯೊಳಗೆ ಹೀಗೆ ಬೆರೆತದ್ದು ಈ ಪ್ರಕಾರದಲ್ಲಿ ವಿರಳ.

ಕಳ್ಳನಿಲ್ಲದೆ ಮುಂದೆ ಹೋಗುವುದು ಕಷ್ಟವಾದ್ದರಿಂದ ಆಟವೇ ಒಬ್ಬನನ್ನು ಬೇಗ ಒದಗಿಸುತ್ತದೆ. ಮೊದಲ ಭಾಗದಲ್ಲಿ ನಾಯಕನ ಬಾಲ್ಯದ ಗೆಳತಿ ಇಮೋಯೆನ್, ಎರಡನೆಯದರ ಮೊದಲ ಸೆರೆಮನೆಯಲ್ಲೇ ಸಿಗುವ ಯೋಶಿಮೋ.

ಒಬ್ಬನ ಹಿಡಿತ ಸಡಿಲವಾದದ್ದು

ಆಬ್ಸಿಡಿಯನ್ ಸಂಸ್ಥೆ 2015ರ ಮಾರ್ಚಿನಲ್ಲಿ ತಂದ ಪಿಲ್ಲರ್ಸ್ ಆಫ್ ಎಟರ್ನಿಟಿ, ಬಾಲ್ಡರ್ಸ್ ಗೇಟ್‌ನ ನೆನಪಿನಲ್ಲೇ ಹುಟ್ಟಿದರೂ ಕಳ್ಳನ ಏಕಸ್ವಾಮ್ಯವನ್ನು ಬೇಕೆಂದೇ ಮುರಿಯಿತು. ಮೆಕ್ಯಾನಿಕ್ಸ್ ಎಂಬ ಕೌಶಲವನ್ನು ಯಾವ ವರ್ಗದವರೂ ಬೆಳೆಸಬಹುದು. ಪುರೋಹಿತನೂ ಬೀಗ ತೆರೆಯಬಲ್ಲ. ದಾಳವಿಲ್ಲ: ಬೀಗದ ಕಠಿಣತೆಗೆ ಕೌಶಲದ ಅಂಕ ಸಾಲುತ್ತದೋ ಇಲ್ಲವೋ, ಅಷ್ಟೇ. ಅಡಗಿದವರ ಕಾಲಡಿ ಒಂದು ವೃತ್ತ ತುಂಬುತ್ತಾ ಹೋಗಿ ಶತ್ರುವಿನ ಅನುಮಾನ ಎಷ್ಟು ಏರಿದೆ ಎಂದು ತೋರಿಸುತ್ತದೆ. ಇದು ದೊಡ್ಡ ಸುಧಾರಣೆ. ಹಳೆಯ ಆಟಗಳಲ್ಲಿ ಸಿಕ್ಕಿಬಿದ್ದ ಮೇಲಷ್ಟೇ ತಿಳಿಯುತ್ತಿದ್ದುದು ಇಲ್ಲಿ ಮೊದಲೇ ತಿಳಿಯುತ್ತದೆ, ಹಿಂದೆ ಸರಿಯಲು ಸಮಯ ಸಿಗುತ್ತದೆ.

ಬಿಡುಗಡೆಯ ಹೊತ್ತಿಗೆ ಮಾತ್ರ ಇದರಲ್ಲೊಂದು ಕೊರತೆಯಿತ್ತು. ಅಡಗುವ ಸ್ಥಿತಿ ಇಡೀ ತಂಡಕ್ಕೆ ಒಟ್ಟಿಗೆ ಅನ್ವಯಿಸುತ್ತಿತ್ತು; ಕಳ್ಳನನ್ನು ಮುಂದೆ ಕಳಿಸಿ ಉಳಿದವರನ್ನು ಎಂದಿನಂತೆ ನಿಲ್ಲಿಸುವ ಸ್ವಾತಂತ್ರ್ಯ ಹೋಗಿತ್ತು. ಮುಂದಿನ ಪರಿಷ್ಕರಣೆಯಲ್ಲಿ ಒಬ್ಬೊಬ್ಬರೂ ಪ್ರತ್ಯೇಕವಾಗಿ ಅಡಗುವಂತಾಯಿತು. ಇನ್ನೊಂದು ತೊಂದರೆ ಉಳಿಯಿತು: ಬಚ್ಚಿಟ್ಟ ವಸ್ತು ಕಾಣಬೇಕಾದರೆ ಅದೇ ಮೆಲ್ಲನಡಿಗೆಯ ಸ್ಥಿತಿಯಲ್ಲಿರಬೇಕು. ಏನೂ ತಪ್ಪಬಾರದೆಂಬ ಆಟಗಾರ ಪ್ರತಿ ಕೋಣೆಯನ್ನೂ ತೆವಳಿಕೊಂಡೇ ದಾಟಿದ. ಗೋಲ್ಡ್ ಬಾಕ್ಸ್‌ನಲ್ಲಿ ಹುಡುಕಾಟದ ಬೆಲೆಯನ್ನು ಪಾತ್ರಗಳು ತೆರುತ್ತಿದ್ದವು, ಇಲ್ಲಿ ಮನುಷ್ಯನ ತಾಳ್ಮೆ ತೆತ್ತಿತು. ಇದರ ಎರಡನೇ ಭಾಗವಾದ 2018ರ ಡೆಡ್‌ಫೈರ್ ಈ ಕೆಲಸವನ್ನು ಪರ್ಸೆಪ್ಷನ್ ಎಂಬ ಗ್ರಹಿಕೆಯ ಗುಣಕ್ಕೆ ಒಪ್ಪಿಸಿ, ಸುಮ್ಮನೆ ನಡೆಯುವಾಗಲೂ ಗುಪ್ತವಸ್ತು ಕಾಣುವಂತೆ ಮಾಡಿತು.

ನೋಟದ ಶಂಕು

ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ಹಿಡಿದ ದಾರಿ ಬೇರೆ. ಡಿವಿನಿಟಿ: ಒರಿಜಿನಲ್ ಸಿನ್ 2014ರಲ್ಲಿ ಶತ್ರುವಿನ ನೋಟವನ್ನೇ ನೆಲದ ಮೇಲೆ ಕೆಂಪು ಶಂಕುವಾಗಿ ಬಿಡಿಸಿತು. ಅಡಗುವವನು ಪೊದೆಯನ್ನೋ ಪೀಪಾಯಿಯನ್ನೋ ಮೈಮೇಲೆ ಕವಿದುಕೊಂಡು ನಡೆಯುತ್ತಾನೆ. ನೋಟಕ್ಕೆ ದಿಕ್ಕು ಬಂದದ್ದರಿಂದ ತಂಡಕ್ಕೆ ಹೊಸ ಉಪಾಯ ಸಿಕ್ಕಿತು: ಒಬ್ಬ ಅಂಗಡಿಯವನನ್ನು ಮಾತಿಗೆ ಎಳೆದು ಅವನ ಮುಖ ಇತ್ತ ತಿರುಗಿಸಿಟ್ಟರೆ, ಇನ್ನೊಬ್ಬ ಬೆನ್ನ ಹಿಂದೆ ಗಲ್ಲಾಪೆಟ್ಟಿಗೆ ಬರಿದು ಮಾಡಬಹುದು. ಸಂಖ್ಯೆ ಹೆಚ್ಚಿದಷ್ಟೂ ಅಡಗುವುದು ಕಷ್ಟ ಎಂಬ ಹಳೆಯ ಲೆಕ್ಕ ಇಲ್ಲಿ ಮೊದಲ ಬಾರಿಗೆ ತಿರುಗಿಬಿತ್ತು ಎನ್ನಬೇಕು. ಎರಡನೇ ಮನುಷ್ಯ ಈಗ ಹೊರೆಯಲ್ಲ, ಕಣ್ಣು ಸೆಳೆಯುವ ಸಹಾಯಕ. ಇಬ್ಬರು ಆಟಗಾರರು ಒಟ್ಟಿಗೆ ಆಡುವಾಗ ಇದರ ಸೊಗಸು ಪೂರ್ಣವಾಗಿ ತೆರೆದುಕೊಳ್ಳುತ್ತದೆ.

2023ರ ಆಗಸ್ಟ್ 3ರಂದು ಬಿಡುಗಡೆಯಾದ ಬಾಲ್ಡರ್ಸ್ ಗೇಟ್ 3 ಈ ಶಂಕುವಿಗೆ ಬೆಳಕಿನ ಲೆಕ್ಕ ಸೇರಿಸಿತು. ಪ್ರಖರ ಬೆಳಕಿನಲ್ಲಿ ಶಂಕುವಿನೊಳಗೆ ಕಾಲಿಟ್ಟರೆ ಸಿಕ್ಕಿಬಿದ್ದ ಹಾಗೆಯೇ; ಮಂದ ಬೆಳಕಿದ್ದರೆ ದಾಳಕ್ಕೆ ಅವಕಾಶ. ಮಂಜಿನ ಮಂತ್ರ, ಕತ್ತಲೆಯ ಮಂತ್ರಗಳಿಂದ ಮರೆಯನ್ನು ತಾವೇ ಸೃಷ್ಟಿಸಬಹುದು. ಕತ್ತಲಲ್ಲಿ ಕಣ್ಣು ಕಾಣದ ಮನುಷ್ಯಪಾತ್ರ ಪಂಜು ಹಿಡಿದರೆ ದಾರಿ ಕಾಣುತ್ತದೆ, ತಾನೂ ಕಾಣಿಸಿಕೊಳ್ಳುತ್ತಾನೆ.

ಗುಪ್ತವಸ್ತುವಿನ ವಿಷಯದಲ್ಲಿ ಈ ಆಟದ ನಡೆ ಅಷ್ಟು ಸಮರ್ಪಕವಲ್ಲ. ತಂಡ ಬಲೆಯನ್ನೋ ಹೂತಿಟ್ಟ ಪೆಟ್ಟಿಗೆಯನ್ನೋ ಸಮೀಪಿಸಿದಾಗ ನಾಲ್ವರಿಗೂ ಗ್ರಹಿಕೆಯ ದಾಳ ಉರುಳುತ್ತದೆ, ಫಲಿತಾಂಶ ತಲೆಯ ಮೇಲೆ ಮೂಡುತ್ತದೆ. ಸೋತರೂ ಮೂಡುತ್ತದೆ. ಪಾತ್ರಗಳಿಗೆ ಏನೂ ತಿಳಿದಿಲ್ಲ, ಆಟಗಾರನಿಗೆ ಮಾತ್ರ ಇಲ್ಲೇನೋ ಇದೆ ಎಂದು ಗೊತ್ತಾಗಿಬಿಟ್ಟಿತು. ಅಲ್ಲಿಂದ ಮುಂದೆ ಅವನು ತಂಡವನ್ನು ನಡೆಸುವ ಬಗೆಯೇ ಬದಲಾಗುತ್ತದೆ. ಉಳಿಸಿಟ್ಟ ಹಳೆಯ ಹಂತಕ್ಕೆ ಮರಳಿ ಮತ್ತೆ ದಾಳ ಉರುಳಿಸುವ ಚಪಲವೂ ಹುಟ್ಟುತ್ತದೆ. ಮೇಜಿನ ಆಟದಲ್ಲಿ ಅನುಭವಿ ನಿರ್ವಾಹಕ ಇಂಥ ದಾಳವನ್ನು ಮರೆಯಲ್ಲಿ ಉರುಳಿಸಿ ಬಾಯಿ ಬಿಡದೆ ಇರುತ್ತಾನೆ.

ಮರಳಿ ಆಡುವ ಚಪಲ ಬಾಲ್ಡರ್ಸ್ ಗೇಟ್ ಕಾಲದ ಜೇಬುಗಳ್ಳತನದಿಂದಲೂ ಇದೆ. ಪಿಲ್ಲರ್ಸ್ ದಾಳವನ್ನೇ ತೆಗೆದು ಅದನ್ನು ತಡೆಯಿತು. ಬಾಲ್ಡರ್ಸ್ ಗೇಟ್ 3 ದಾಳವನ್ನು ಉಳಿಸಿಕೊಂಡು, 2023ರ ನವೆಂಬರ್ 30ರ ಐದನೇ ಪರಿಷ್ಕರಣೆಯಲ್ಲಿ ಆನರ್ ಮೋಡ್ ಎಂಬ ಕ್ರಮವನ್ನು ತಂದಿತು. ಅದರಲ್ಲಿ ಒಂದೇ ದಾಖಲೆ ಉಳಿಯುತ್ತದೆ. ಕಾವಲುಗಾರ ಕಂಡರೆ ಕಂಡ, ಬಲೆ ಸಿಡಿದರೆ ಸಿಡಿಯಿತು. ತಂಡ ಆ ಫಲವನ್ನು ಹೊತ್ತೇ ಮುಂದೆ ಸಾಗಬೇಕು.