ಜ್ಞಾನಬಾಜಿ: ಹಾವು-ಏಣಿ ಆಟದ ಹಿಂದಿನ ಪಟ

ಭಾದ್ರಪದದ ಸಂಜೆಗಳು ಜೈನರ ಮನೆಗಳಲ್ಲಿ ನೆರೆಹೊರೆಯವರ ಸಂಜೆಗಳಿಗಿಂತ ದೀರ್ಘವಾಗಿರುತ್ತಿದ್ದವು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ಬಸದಿಯ ಆರತಿಯಾಗಿ ಹಿರಿಯರು ಶಾಸ್ತ್ರಶ್ರವಣಕ್ಕೆ ಕುಳಿತ ಮೇಲೆ ನಿದ್ರೆಯವರೆಗಿನ ಒಂದೆರಡು ಗಂಟೆ ಮಕ್ಕಳದ್ದೇ. ಹೊರಗೆ ಮಳೆ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು, ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿದ ಹುಣಸೆ ಬೀಜಗಳನ್ನೇ ದಾಳವಾಗಿಸಿ, ಬಳೆಚೂರುಗಳನ್ನು ಕಾಯಿಗಳಾಗಿ ಹೂಡಿ ಆಡಿದ ನೆನಪು ಇಂದು ಅಜ್ಜ ಅಜ್ಜಿಯರಾಗಿರುವ ಅನೇಕರಲ್ಲಿ ಇನ್ನೂ ಹಸಿರಾಗಿದೆ. ಜಾತ್ರೆಯ ಅಂಗಡಿಯಿಂದ ಹಾವು-ಏಣಿಯ ರಟ್ಟು ಮನೆಗೆ ಬಂದ ವರ್ಷವಂತೂ ಮರೆಯುವಂಥದ್ದಲ್ಲ. ನೂರು ಮನೆಗಳ ಆ ರಟ್ಟಿನಲ್ಲಿ ಗುರಿಗೆ ಇನ್ನೆರಡೇ ಮನೆ ಇರುವಾಗ ಬಾಯ್ದೆರೆದು ಕಾಯುವ ಹಾವಿಗೆ ಸಿಕ್ಕಿ ಅತ್ತ ಮಕ್ಕಳೆಷ್ಟೋ!

ಆ ರಟ್ಟಿನ ಆಟ ವಿಲಾಯತಿಯದೆಂದೇ ಬಹುಕಾಲ ಜನ ಭಾವಿಸಿದ್ದರು. ವಾಸ್ತವವಾಗಿ ಅದು ಇಲ್ಲಿಂದಲೇ ಹೋಗಿ, ತನ್ನ ಅರ್ಥವನ್ನು ದಾರಿಯಲ್ಲಿ ಕಳೆದುಕೊಂಡು ಮರಳಿ ಬಂದ ಆಟ. ಅದರ ಹಳೆಯ ರೂಪಗಳಲ್ಲಿ ಒಂದು ಜೈನ ಶ್ರಾವಕರದು. ಗುಜರಾತ್ ಮತ್ತು ರಾಜಸ್ಥಾನಗಳಲ್ಲಿ ಅದಕ್ಕೆ ‘ಜ್ಞಾನಬಾಜಿ’ ಅಥವಾ ‘ಜ್ಞಾನ ಚೌಪಡ’ ಎಂಬ ಹೆಸರಿತ್ತು. ಪರ್ಯುಷಣದ ದಿನಗಳಲ್ಲಿ ಶ್ರಾವಕ ಶ್ರಾವಿಕೆಯರು ಅದನ್ನು ಆಡುತ್ತಿದ್ದರು. ಬಟ್ಟೆ ಅಥವಾ ಕಾಗದದ ಮೇಲೆ ಬಣ್ಣಗಳಲ್ಲಿ ಬರೆದ ಈ ಪಟಗಳು ಇಂದು ದೆಹಲಿಯಿಂದ ಲಂಡನ್ನಿನವರೆಗೆ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದ ವಿದ್ವಾಂಸ ಆಂಡ್ರ್ಯೂ ಟಾಪ್ಸ್‌ಫೀಲ್ಡ್ 1985ರಲ್ಲಿ ಇವುಗಳ ಕುರಿತು ವಿಸ್ತಾರವಾದ ಲೇಖನ ಪ್ರಕಟಿಸಿದರು. 2019ರಲ್ಲಿ ಜೇಕಬ್ ಸ್ಮಿತ್-ಮ್ಯಾಡ್ಸನ್ ಎಂಬುವರು ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ ಇದೇ ವಿಷಯದಲ್ಲಿ ಪ್ರೌಢಪ್ರಬಂಧ ಸಲ್ಲಿಸಿದರು. ನಮ್ಮ ಮನೆಯ ಆಟವನ್ನು ನಮಗೆ ಪರಿಚಯಿಸಲು ಹೊರನಾಡಿನವರು ಬರಬೇಕಾಯಿತೆಂಬುದು ಸ್ವಲ್ಪ ಸಂಕೋಚದ ಸಂಗತಿಯೇ.

ಜೈನ ಪಟದಲ್ಲಿ ಸಾಮಾನ್ಯವಾಗಿ 84 ಮನೆಗಳಿರುತ್ತವೆ. ಈ ಸಂಖ್ಯೆ ಕಂಡೊಡನೆ 84 ಲಕ್ಷ ಯೋನಿಗಳ ನೆನಪಾಗದ ಜೈನರಿಲ್ಲ. ವೈಷ್ಣವ ಪಟಗಳಲ್ಲಿ 72 ಮನೆಗಳ ಕ್ರಮ ಹೆಚ್ಚು ರೂಢಿಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ರಿಚರ್ಡ್ ಜಾನ್ಸನ್ ಲಖ್ನೋದಲ್ಲಿದ್ದಾಗ, ಸುಮಾರು 1780–82ರಲ್ಲಿ, ದೊರಕಿಸಿಕೊಂಡ ಅಂಥದೊಂದು ಪಟ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸೂಫಿ ಸಂಪ್ರದಾಯದವರೂ ತಮ್ಮದೇ ಪಟ ಮಾಡಿಕೊಂಡಿದ್ದರು. ತಮಿಳರಲ್ಲಿ ಇದು ಪರಮಪದ ಸೋಪಾನ, ತೆಲುಗರಲ್ಲಿ ವೈಕುಂಠಪಾಳಿ. 13ನೆಯ ಶತಮಾನದ ಸಂತ ಜ್ಞಾನದೇವರೇ ಮೋಕ್ಷಪಟವೆಂಬ ಹೆಸರಿನಲ್ಲಿ ಇದನ್ನು ರಚಿಸಿದರೆಂದು ಮಹಾರಾಷ್ಟ್ರದಲ್ಲಿ ಹೇಳುವುದುಂಟು. ಆದರೆ ಇಂದು ಉಳಿದಿರುವ ಪಟಗಳು ಹೆಚ್ಚಾಗಿ 18 ಮತ್ತು 19ನೆಯ ಶತಮಾನಗಳವು. ಬಟ್ಟೆಯ ಪಟ ಮಡಿಸಿ ಬಿಚ್ಚಿ ಸವೆಯುವ ವಸ್ತು. ಆಟ ಅದಕ್ಕಿಂತ ಹಳೆಯದಿರಬಹುದಾದರೂ, ಯಾರು ಮೊದಲೆಂಬ ವಾದಕ್ಕೆ ಈ ಪಟಗಳಿಂದ ಉತ್ತರ ಸಿಗುವುದಿಲ್ಲ. ಆ ವಾದ ಅಷ್ಟು ಮುಖ್ಯವೂ ಅಲ್ಲ.

ಮುಖ್ಯವಾದುದು ಪಟದ ಮೇಲಿನ ಬರಹ. ರಟ್ಟಿನ ಆಟದಲ್ಲಿ ಮನೆಗೆ ಸಂಖ್ಯೆ ಮಾತ್ರ ಇದೆ. ಜ್ಞಾನಬಾಜಿಯಲ್ಲಿ ಪ್ರತಿ ಮನೆಗೂ ಹೆಸರಿತ್ತು. ಕೆಳಗಡೆ ನರಕಗಳು, ನಡುವೆ ಮನುಷ್ಯಲೋಕದ ಗುಣದೋಷಗಳು, ಮೇಲೆ ದೇವಲೋಕಗಳು, ಎಲ್ಲಕ್ಕೂ ಮೇಲೆ ಅರ್ಧಚಂದ್ರಾಕಾರದ ಸಿದ್ಧಶಿಲೆ. ಸದ್ಗುಣದ ಮನೆಯಿಂದ ಏಣಿ, ದುರ್ಗುಣದ ಮನೆಯಿಂದ ಹಾವು. ಬಸದಿಯ ಗೋಡೆಯಲ್ಲಿ ಲೋಕಪುರುಷನ ಚಿತ್ರ ನೋಡಿದವರಿಗೆ ಈ ಪಟ ಓದಲು ಕಷ್ಟವಾಗುವುದಿಲ್ಲ. ಅದೇ ಲೋಕವನ್ನು ಇಲ್ಲಿ ನೆಲದ ಮೇಲೆ ಹಾಸಿ, ಅದರೊಳಗೆ ಕಾಯಿ ನಡೆಸಲು ಬಿಟ್ಟಿದ್ದಾರೆ. ಸ್ವರ್ಗವನ್ನು ಮುಟ್ಟಿದ ಮಾತ್ರಕ್ಕೆ ಆಟ ಮುಗಿಯುವುದಿಲ್ಲವೆಂಬುದು ಮಗುವಿಗೆ ಮೊದಲ ದಿನವೇ ತಿಳಿಯುತ್ತಿತ್ತು. ದೇವಗತಿಯೂ ಸಂಸಾರವೇ, ಆಯುಷ್ಯ ತೀರಿದ ದೇವನೂ ಮತ್ತೆ ಹುಟ್ಟಬೇಕು, ಮನುಷ್ಯಪರ್ಯಾಯದಿಂದಲ್ಲದೆ ಮೋಕ್ಷವಿಲ್ಲ ಎಂಬುದನ್ನು ಪಾಠಶಾಲೆಯಲ್ಲಿ ವಿವರಿಸಲು ಒಂದು ವಾರ ಬೇಕು. ಪಟದ ಮೇಲೆ ಒಂದು ಗರ ಸಾಕು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಸಪ್ತವ್ಯಸನಗಳಲ್ಲಿ ಮೊದಲನೆಯದೇ ದ್ಯೂತ. ಮದ್ಯ, ಮಾಂಸ, ಬೇಟೆ, ಕಳವುಗಳ ಸಾಲಿನಲ್ಲಿ ಜೂಜನ್ನು ಮುಂದೆ ನಿಲ್ಲಿಸಿದ ಧರ್ಮ ನಮ್ಮದು. ವಸುನಂದಿಯ ಶ್ರಾವಕಾಚಾರದಲ್ಲಿ ಈ ವ್ಯಸನಗಳ ವಿಚಾರ ವಿಸ್ತಾರವಾಗಿಯೇ ಬಂದಿದೆ. ಕನ್ನಡಿಗರಿಗೆ ಅದರ ಚಿತ್ರವನ್ನು ಕಟ್ಟಿಕೊಟ್ಟವನೂ ಜೈನಕವಿ ಪಂಪನೇ. ಅವನ ವಿಕ್ರಮಾರ್ಜುನವಿಜಯದಲ್ಲಿ ಒಂದು ರಾಜ್ಯವೇ ಪಗಡೆಯ ಹಾಸಿನ ಮೇಲೆ ಕರಗುತ್ತದೆ. ಅದು ಹಾಗಿರಲಿ, ಪಣವಿಲ್ಲದೆ ಕಾಲ ಕಳೆಯುವ ಆಟವೂ ಅನರ್ಥದಂಡವ್ರತದಲ್ಲಿ ಹೇಳಿದ ಪ್ರಮಾದಚರ್ಯೆಗೆ ಸಮೀಪದ್ದೇ. ಹೀಗಿರುವಾಗ ಪರ್ವದ ಪವಿತ್ರ ದಿನಗಳಲ್ಲಿ ದಾಳ ಉರುಳಿಸಲು ಹಿರಿಯರು ಹೇಗೆ ಒಪ್ಪಿದರು?

ಆಟದಲ್ಲಿ ಭಾವವನ್ನು ನೋಡಬೇಕೆಂಬ ಎಚ್ಚರ ಜೈನರಲ್ಲಿ ಬಹು ಹಳೆಯದು. ಜನ್ನನ ಯಶೋಧರಚರಿತೆಯ (1209) ಕಥೆಯನ್ನು ಇಲ್ಲಿ ನೆನೆಯಬೇಕು. ಅದಕ್ಕೂ ಮುಂಚೆ, 959ರಲ್ಲಿ, ಸೋಮದೇವಸೂರಿಗಳು ಯಶಸ್ತಿಲಕದಲ್ಲಿ ಅದೇ ಕಥೆಯನ್ನು ಸಂಸ್ಕೃತದಲ್ಲಿ ಹೇಳಿದ್ದರು. ಅಲ್ಲಿ ಅರಸನು ಬಲಿ ಕೊಟ್ಟದ್ದು ಜೀವವುಳ್ಳ ಕೋಳಿಯನ್ನಲ್ಲ, ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು. ಒಂದು ಬಗೆಯಲ್ಲಿ ಅದೊಂದು ಗೊಂಬೆ. ಆದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತಾದ್ದರಿಂದ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ಅದರ ಫಲವನ್ನು ಉಣ್ಣಬೇಕಾಯಿತು. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಆನೆ ಕುದುರೆ ಗಿಳಿಗಳ ರೂಪವಿದ್ದರೆ ಅವನ್ನು ಕಚ್ಚಲು ಮಕ್ಕಳಿಗೆ ಬಿಡದ ಜೈನ ಅಜ್ಜಿಯರು ಈ ಕಥೆಯ ವಾರಸುದಾರರೇ ಸರಿ. ಸಕ್ಕರೆಯ ಆನೆಯ ತಲೆ ಮುರಿಯುವುದು ಮಗುವಿಗೆ ಆಟ. ಆ ಆಟದಲ್ಲಿ ಮನಸ್ಸು ಯಾವುದಕ್ಕೆ ಪಳಗುತ್ತದೆಂಬುದು ಅಜ್ಜಿಯ ಚಿಂತೆ.

ಈ ಕಣ್ಣಿನಿಂದ ನೋಡಿದರೆ ಜಗಲಿಯ ಚೌಕಾಬಾರವೂ ಅಷ್ಟು ನಿರುಪದ್ರವಿಯಲ್ಲ. ಎದುರಾಳಿಯ ಒಂದು ಕಾಯನ್ನಾದರೂ ‘ಕಡಿಯದೆ’ ಒಳಮನೆಗೆ ಪ್ರವೇಶವಿಲ್ಲವೆಂಬ ನಿಯಮ ಅನೇಕ ಊರುಗಳಲ್ಲಿದೆ. ಕಡಿದ ಮೇಲೆಯೇ ಕಾಯಿ ‘ಹಣ್ಣಾಗುವುದು’. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಆಡುವ ಹದಿನಾಲ್ಕು ಗುಳಿಗಳ ಚೆನ್ನೆಮಣೆಗೂ ಒಂದು ಕರಾಳ ನೆನಪು ಅಂಟಿಕೊಂಡಿದೆ. ಸಿರಿ ಪಾಡ್ದನದ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಟದ ಸೋಲು ಗೆಲುವಿನಲ್ಲಿ ಜಗಳವಾಡಿ, ಒಬ್ಬಳು ಇನ್ನೊಬ್ಬಳನ್ನು ಅದೇ ಮಣೆಯಿಂದ ಹೊಡೆದು ಕೊಲ್ಲುತ್ತಾಳೆ. ಒಡಹುಟ್ಟಿದವರು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂಬ ಕಟ್ಟು ಆ ಸೀಮೆಯಲ್ಲಿ ಹಾಗೆಯೇ ಉಳಿದುಬಂದಿದೆ.

ಜ್ಞಾನಬಾಜಿಯಲ್ಲಿ ಕಡಿಯುವ ಮಾತಿಲ್ಲ. ಒಬ್ಬನ ಕಾಯಿ ಮತ್ತೊಬ್ಬನ ಕಾಯಿಯನ್ನು ಹೊಡೆದು ಮುಂದೆ ಹೋಗುವುದಿಲ್ಲ. ಕೆಡವುವುದು ಹಾವು, ಹಾವಿರುವುದು ತನ್ನದೇ ದೋಷದ ಮನೆಯಲ್ಲಿ. ಪಕ್ಕದಲ್ಲಿ ಕುಳಿತ ತಮ್ಮನ ಮೇಲೆ ಮುನಿಯಲು ಅಕ್ಕನಿಗೆ ಕಾರಣವೇ ಸಿಗುವುದಿಲ್ಲ. ಸಿದ್ಧಶಿಲೆಯಲ್ಲಿ ಸ್ಥಳದ ಅಭಾವವೂ ಇಲ್ಲ. ಒಬ್ಬ ಸಿದ್ಧನಿರುವೆಡೆಯಲ್ಲೇ ಅನಂತ ಸಿದ್ಧರು ಇರಬಲ್ಲರೆನ್ನುತ್ತದೆ ಶಾಸ್ತ್ರ. ಆದುದರಿಂದ ಮೊದಲು ಮುಟ್ಟಿದವನಿಂದ ಹಿಂದುಳಿದವನ ದಾರಿ ಮುಚ್ಚುವುದಿಲ್ಲ. ಹಿರಿಯರು ದ್ಯೂತದಿಂದ ದಾಳವನ್ನಷ್ಟೇ ಎರವಲು ಪಡೆದು, ಪಣವನ್ನೂ ವೈರವನ್ನೂ ಹೊರಗೇ ಬಿಟ್ಟರೆಂದು ಹೇಳಬಹುದು.

ದಾಳವನ್ನು ಉಳಿಸಿಕೊಂಡದ್ದು ಸರಿಯೇ ಎಂಬ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಲ್ಲ. ಕರ್ಮಸಿದ್ಧಾಂತದಲ್ಲಿ ಆಕಸ್ಮಿಕಕ್ಕೆ ಎಡೆಯಿಲ್ಲ. ಮಗು ಕ್ರೋಧದ ಮನೆಯಲ್ಲಿ ಬಿದ್ದದ್ದು ಸಿಟ್ಟುಗೊಂಡದ್ದರಿಂದಲ್ಲ, ಗರ ಹಾಗೆ ಬಿದ್ದದ್ದರಿಂದ. ತಪದ ಏಣಿ ಹತ್ತಿದ್ದೂ ಹಾಗೆಯೇ. ಪುರುಷಾರ್ಥವನ್ನು ಕಲಿಸಬೇಕಾದ ಪಟ ಅದೃಷ್ಟವನ್ನು ಕಲಿಸಿತೆಂದು ಯಾರಾದರೂ ಆಕ್ಷೇಪಿಸಿದರೆ ತಳ್ಳಿಹಾಕುವಂತಿಲ್ಲ. ಉರುಳುವ ಕವಡೆಗಳನ್ನು ಪೂರ್ವಕರ್ಮದ ಉದಯವೆಂದು ಬಗೆದರೆ ಸಮಾಧಾನ ಅರ್ಧ ಸಿಗುತ್ತದೆ. ಉದಯಕ್ಕೆ ಬಂದುದನ್ನು ಸಮತೆಯಿಂದ ಸಹಿಸುವುದು, ಹಾವು ನುಂಗಿದಾಗಲೂ ಪಟವನ್ನು ಕೆಡಿಸದೆ ಮತ್ತೆ ಕೆಳಗಿನಿಂದ ನಡೆಯುವುದು, ಇವು ಆಡುವವನ ಕೈಯಲ್ಲೇ ಇವೆ. ಉಳಿದರ್ಧ ಹಾಗೆಯೇ ಉಳಿಯುತ್ತದೆ. ಆಟವೊಂದು ಸಿದ್ಧಾಂತವನ್ನು ಪೂರ್ತಿಯಾಗಿ ಹೊರಲಾರದು.

ಆದರೂ ಆಟದ ಒಂದು ಭಯ ಸಿದ್ಧಾಂತಕ್ಕೆ ಬಹಳ ಹತ್ತಿರದ್ದು. ಗುರಿಯ ಸನಿಹದಲ್ಲಿರುವ ಆ ಹಾವು! ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ವಿವರಿಸಿದ ಹದಿನಾಲ್ಕು ಗುಣಸ್ಥಾನಗಳಲ್ಲಿ ಹನ್ನೊಂದನೆಯದು ಉಪಶಾಂತಮೋಹ. ಕತಕ ಬೀಜ ಹಾಕಿದ ನೀರಿನಲ್ಲಿ ಕೆಸರು ತಳಕ್ಕಿಳಿದು ಮೇಲೆ ತಿಳಿಯಾಗಿ ಕಾಣುವಂತೆ, ಅಲ್ಲಿ ಮೋಹ ಅಡಗಿರುತ್ತದೆ, ನಾಶವಾಗಿರುವುದಿಲ್ಲ. ಅಂತರ್ಮುಹೂರ್ತದೊಳಗೆ ಕೆಸರು ಮತ್ತೆ ಕದಡುತ್ತದೆ; ಉಪಶಮಶ್ರೇಣಿಯನ್ನೇರಿದ ಮುನಿ ಅಲ್ಲಿಂದ ಇಳಿಯಲೇಬೇಕು, ಕೆಲವೊಮ್ಮೆ ಇಳಿತ ಮಿಥ್ಯಾತ್ವದವರೆಗೂ ಮುಂದುವರಿಯಬಹುದು. ಮೋಹವನ್ನು ಕ್ಷಯಗೊಳಿಸುತ್ತ ಕ್ಷಪಕಶ್ರೇಣಿಯಲ್ಲಿ ಏರುವವನಾದರೋ ಹತ್ತರಿಂದ ಹನ್ನೊಂದನ್ನು ಮುಟ್ಟದೆ ನೇರವಾಗಿ ಹನ್ನೆರಡಕ್ಕೆ ಹೋಗುತ್ತಾನೆ. ತೊಂಬತ್ತೆಂಟರ ಹಾವಿಗೆ ಸಿಕ್ಕಿ ಅಳುವ ಮಗುವಿಗೆ ಇದನ್ನು ಹೇಳಿದ ಅಜ್ಜನೊಬ್ಬನಿದ್ದರೆ, ಆ ಮಗು ಗುಣಸ್ಥಾನಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇರುತ್ತಿರಲಿಲ್ಲ.

ಇಂಥ ಪಟ 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಹೊಸ ವೇಷ ತೊಟ್ಟಿತು. 1892ರಲ್ಲಿ ಲಂಡನ್ನಿನ ಎಫ್. ಎಚ್. ಏಯರ್ಸ್ ಎಂಬ ಆಟಿಕೆ ತಯಾರಕರು ಅದನ್ನು ಮಾರುಕಟ್ಟೆಗೆ ತಂದರು. ಆರಂಭದ ಇಂಗ್ಲಿಷ್ ಪಟಗಳಲ್ಲೂ ನೀತಿ ಇತ್ತು, ಬೇರೊಂದು ಬಗೆಯದು. ಮಿತವ್ಯಯ ಮತ್ತು ದುಡಿಮೆಯ ಏಣಿಗಳು ಸಂತೃಪ್ತಿಗೂ ಯಶಸ್ಸಿಗೂ ಒಯ್ಯುತ್ತಿದ್ದವು; ಸೋಮಾರಿತನದ ಹಾವು ಬಡತನಕ್ಕೆ ಇಳಿಸುತ್ತಿತ್ತು. ಅಪರಿಗ್ರಹವನ್ನು ಏಣಿಯೆಂದು ತಿಳಿದ ಸಮಾಜಕ್ಕೆ ಬಡತನವೇ ಶಿಕ್ಷೆಯಾಗಿರುವ ಪಟ ವಿಚಿತ್ರವಾಗಿ ಕಂಡೀತು! ಭಾರತೀಯ ಪಟಗಳಲ್ಲಿ ಸಾಮಾನ್ಯವಾಗಿ ಏಣಿಗಳಿಗಿಂತ ಹಾವುಗಳು ಹೆಚ್ಚು. ಮೋಕ್ಷ ದುರ್ಲಭವೆಂಬುದು ಅದರ ಇಂಗಿತ. ಅಲ್ಲಿ ಎರಡನ್ನೂ ಸಮಗೊಳಿಸಲಾಯಿತು. ಕ್ರಮೇಣ ಹೆಸರುಗಳೂ ಚಿತ್ರಗಳೂ ಅಳಿಸಿ, ಒಂದರಿಂದ ನೂರರವರೆಗಿನ ಅಂಕಿಗಳು ಮಾತ್ರ ಉಳಿದವು. 1943ರಲ್ಲಿ ಅಮೆರಿಕದ ಮಿಲ್ಟನ್ ಬ್ರ್ಯಾಡ್ಲಿ ಕಂಪನಿ ಹಾವನ್ನೂ ತೆಗೆದು ಮಕ್ಕಳ ಜಾರುಬಂಡೆಯನ್ನಿಟ್ಟಿತು. ನಮ್ಮ ಜಾತ್ರೆಯ ಅಂಗಡಿಗೆ ಬಂದು ತಲುಪಿದ್ದು ಹೆಸರಳಿದ ಆ ರಟ್ಟು.

ಕರ್ನಾಟಕದಲ್ಲಿ ಆಟದ ಪಟಗಳನ್ನು ವಿದ್ಯೆಯೆಂದು ಕಂಡ ಅರಸರೊಬ್ಬರಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು. ಸ್ವತಃ ಹೊಸ ಆಟಗಳನ್ನು ಕಲ್ಪಿಸಿ ಪಟಗಳನ್ನು ಬರೆಸಿದರು. ಅರಮನೆಯ ಪಟಗಳು ಉಳಿದುಕೊಂಡದ್ದು ಅರಮನೆಯಲ್ಲಿದ್ದುದರಿಂದ. ಶ್ರಾವಕರ ಮನೆಗಳ ಬಟ್ಟೆಯ ಪಟಗಳಿಗೆ ಆ ಭಾಗ್ಯವಿಲ್ಲ. ಗ್ರಂಥವನ್ನು ವೇಷ್ಟನದಲ್ಲಿ ಸುತ್ತಿ ಭಂಡಾರದಲ್ಲಿಡುವ ಸಮಾಜ ಆಟದ ಬಟ್ಟೆ ಹರಿದಾಗ ಅದನ್ನು ಕಸವೆಂದೇ ಬಗೆದಿರಬೇಕು. ಗುಜರಾತ್ ರಾಜಸ್ಥಾನಗಳಿಂದ ಬೆಂಗಳೂರು, ಹುಬ್ಬಳ್ಳಿಗಳಿಗೆ ಬಂದು ನೆಲೆಸಿದ ಮನೆತನಗಳ ಹಳೆಯ ಪೆಟ್ಟಿಗೆಗಳಲ್ಲಿ, ಮಂದಿರಗಳ ಉಗ್ರಾಣಗಳಲ್ಲಿ, ಮನೆಮನೆಗಳಾಗಿ ಗೆರೆ ಎಳೆದ, ಹಾವುಗಳು ಹರಿದಾಡುವ ಬಣ್ಣದ ಬಟ್ಟೆಯೊಂದು ಕಂಡರೆ ಅದನ್ನು ಒಗೆಯಲೂ ಬಾರದು, ಎಸೆಯಲೂ ಬಾರದು. ಬಿಸಿಲು ತಾಗದಂತೆ, ಮಡಿಕೆಯ ಗೆರೆಯಲ್ಲಿ ಸೀಳದಂತೆ ಸಡಿಲವಾಗಿ ಸುರುಳಿ ಸುತ್ತಿಟ್ಟು ಬಲ್ಲವರಿಗೆ ತೋರಿಸುವುದು ಆಡಳಿತ ಮಂಡಳಿಗಳ ಕೆಲಸ.

ಪಟ ಸಿಗದ ಊರುಗಳಲ್ಲೂ ಆಟಕ್ಕೆ ಅಡ್ಡಿಯಿಲ್ಲ. ದಶಲಕ್ಷಣ ಪರ್ವದ ಒಂದು ಸಂಜೆ ಪಾಠಶಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ 84 ಮನೆಗಳನ್ನು ಮಕ್ಕಳ ಕೈಯಲ್ಲೇ ಬರೆಸಬಹುದು. ಹುಣಸೆ ಬೀಜಗಳು ಹೇಗೂ ಇವೆ. ಯಾವ ಮನೆಗೆ ಯಾವ ಹೆಸರು, ಯಾವ ದೋಷದ ಹಾವು ಎಲ್ಲಿಯವರೆಗೆ ಇಳಿಯಬೇಕು, ಮಾನದ ಹಾವು ಉದ್ದವೋ ಮಾಯೆಯದೋ ಎಂದು ಬರೆಯುವಾಗಲೇ ಹಿರಿಯರಲ್ಲಿ ವಾದ ಹುಟ್ಟುವುದು ಖಂಡಿತ. ಆಗ ಒಬ್ಬರು ಎದ್ದು ಕಪಾಟಿನಿಂದ ಗೊಮ್ಮಟಸಾರವನ್ನು ತರಬೇಕಾಗುತ್ತದೆ.