ಅರಿಮತ್ಸುವಿನ ಶಿಬೊರಿ: ಮನೆತನದ ಕಸುಬಿನಿಂದ ಒಬ್ಬರ ಕಲಿಕೆಗೆ

ಬಟ್ಟೆಯನ್ನು ಕಟ್ಟಿ, ಹೊಲಿದು ಸುಕ್ಕಿಸಿ, ಇಲ್ಲವೇ ಮಡಿಸಿ ಹಲಗೆಗಳ ನಡುವೆ ಬಿಗಿದು ಬಣ್ಣಕ್ಕೆ ಅದ್ದುವ ಜಪಾನಿನ ಕಲೆ ಶಿಬೊರಿ. ಇಂದು ಅದನ್ನು ಕಲಿಯುವವರು ಈ ವಿಧಾನಗಳನ್ನೆಲ್ಲ ಸಾಲಾಗಿ ಅಭ್ಯಾಸ ಮಾಡುತ್ತಾರೆ. ಆ ಕಲೆ ಬೆಳೆದ ಅರಿಮತ್ಸುವಿನಲ್ಲಿ ಕಲಿಕೆ ಹೀಗಿರಲಿಲ್ಲ. ಈ ಬದಲಾವಣೆಯನ್ನು ಬರಿಯ ನಷ್ಟವೆಂದು ಕಾಣಲಾಗದು ಎಂಬುದು ನನ್ನ ವಾದ.

ಈಗ ನಗೋಯಾ ನಗರಕ್ಕೆ ಸೇರಿರುವ ಅರಿಮತ್ಸು 1608ರಲ್ಲಿ ತೊಕೈದೊ ಹೆದ್ದಾರಿಯ ಬದಿಗೆ ನೆಲೆಗೊಂಡ ಊರು. ನಗೋಯಾ ಕೋಟೆ ಕಟ್ಟಲು ಬುಂಗೊ ಪ್ರಾಂತದಿಂದ ಬಂದವರ ಬಟ್ಟೆ ನೋಡಿ ತಕೆದ ಶೊಕುರೊ ಈ ಕಸುಬು ಆರಂಭಿಸಿದನೆಂದು ಊರಿನ ಐತಿಹ್ಯ ಹೇಳುತ್ತದೆ. ನೀಲಿ ಬಣ್ಣದ ಹತ್ತಿಯ ಕೈವಸ್ತ್ರಗಳನ್ನು ದಾರಿಹೋಕರು ಕೊಂಡೊಯ್ಯುತ್ತಿದ್ದರು. ಚಿತ್ರಕಾರ ಹಿರೊಶಿಗೆಯ ತೊಕೈದೊ ಚಿತ್ರಮಾಲೆಯಲ್ಲಿ ಪಕ್ಕದ ತಂಗುದಾಣವಾದ ನರುಮಿಯ ಹೆಸರಿನ ಚಿತ್ರ ತೋರಿಸುವುದು ಇವನ್ನು ಮಾರುತ್ತಿದ್ದ ಅರಿಮತ್ಸುವಿನ ಅಂಗಡಿಗಳನ್ನೇ.

ಇಲ್ಲಿ ಕೆಲಸ ಹಂಚಿಹೋಗಿತ್ತು. ಗುರುತು ಹಾಕುವವರು, ಕಟ್ಟುವವರು, ಅದ್ದುವವರು ಬೇರೆ ಬೇರೆ. ಕಟ್ಟುವ ಹೆಂಗಸರು ಸಾಮಾನ್ಯವಾಗಿ ಒಂದೇ ಬಗೆಯ ಕಟ್ಟನ್ನು ಮನೆಯ ಹಿರಿಯರಿಂದ ಕಲಿತು ಅದರಲ್ಲೇ ಪಳಗುತ್ತಿದ್ದರು. ಮಿಉರಾ ಎಂಬ ಕಟ್ಟನ್ನೇ ನೋಡೋಣ. ಕೊಕ್ಕೆಯಿಂದ ಬಟ್ಟೆಯನ್ನು ಚಿಟಿಕೆಯಷ್ಟು ಮೇಲೆತ್ತಿ ದಾರ ಸುತ್ತುತ್ತಾರೆ, ಗಂಟು ಹಾಕುವುದಿಲ್ಲ. ದಾರದ ಬಿಗಿಯೊಂದೇ ಸುತ್ತುಗಳನ್ನು ಹಿಡಿದಿಡುತ್ತದೆ. ಬಿಗಿ ಸಡಿಲಿದಲ್ಲಿ ಬಣ್ಣ ಒಳನುಗ್ಗಿ ವಿನ್ಯಾಸ ಮಸುಕಾಗುತ್ತದೆ. ಈ ಹದವನ್ನು ಹೇಳಿಕೊಡಲು ಬಾರದು, ಬೆರಳು ತಾನಾಗಿ ಕಂಡುಕೊಳ್ಳಬೇಕು. ಹಾಗೆ ಕಂಡುಕೊಂಡ ಹೆಂಗಸರಲ್ಲಿ ಬಹುಪಾಲು ಮಂದಿಯ ಹೆಸರು ಬಟ್ಟೆಯ ಚರಿತ್ರೆಯಲ್ಲಿ ದಾಖಲಾಗಲಿಲ್ಲ. ಇದು ದೊಡ್ಡ ಅನ್ಯಾಯ.

1880ರಲ್ಲಿ ಸುಝುಕಿ ಕನೆಝೊ ರೂಪಿಸಿದ ಅರಾಶಿ ವಿಧಾನಕ್ಕೆ ಒಬ್ಬರ ಕೈ ಸಾಲುತ್ತಲೇ ಇರಲಿಲ್ಲ. ಸುಮಾರು 4 ಮೀಟರ್ ಉದ್ದದ ಮರದ ಕಂಬಕ್ಕೆ ಬಟ್ಟೆ ಸುತ್ತಿ, ಕಂಬ ತಿರುಗಿಸುತ್ತ ದಾರ ಬಿಗಿದು, ಬಟ್ಟೆಯನ್ನು ಒತ್ತಿ ನೆರಿಗೆಗಟ್ಟಿಸಬೇಕು. ಕಿಮೊನೊ ತೊಡುವವರು ಕಡಿಮೆಯಾದಂತೆ ಇದೂ ಸೊರಗಿತು. ಆದರೆ 1983ರಲ್ಲಿ ಯೊಶಿಕೊ ಇವಮೊತೊ ವಾದಾ, ಮೇರಿ ಕೆಲಾಗ್ ರೈಸ್ ಮತ್ತು ಜೇನ್ ಬಾರ್ಟನ್ ಬರೆದ ಶಿಬೊರಿ ಗ್ರಂಥ ಚದುರಿದ್ದ ವಿಧಾನಗಳನ್ನು ಇಂಗ್ಲಿಷಿನಲ್ಲಿ ಒಂದೆಡೆ ತಂದಿತು. ಕಂಬದ ಜಾಗಕ್ಕೆ ಗಿಡ್ಡ ಪ್ಲಾಸ್ಟಿಕ್ ಪೈಪು ಬಂತು. ಹಲವರ ದುಡಿಮೆ ಬೇಡುತ್ತಿದ್ದ ಅರಾಶಿಯನ್ನು ಈಗ ಒಬ್ಬ ವಿದ್ಯಾರ್ಥಿ ಮೇಜಿನ ಮೇಲೆ ಮಾಡಬಲ್ಲ.

ಇದರಿಂದ ಸಿಕ್ಕ ಲಾಭ ದೊಡ್ಡದು. ಕಟ್ಟಿದವರೇ ಅದ್ದಿದಾಗ ಬಿಗಿತಕ್ಕೂ ಬಣ್ಣಕ್ಕೂ ಇರುವ ನಂಟು ನೇರವಾಗಿ ತಿಳಿಯುತ್ತದೆ. ನೀಲಿಯ ತೊಟ್ಟಿಯಿಂದ ಹಸಿರು ಛಾಯೆಯಲ್ಲಿ ಮೇಲೆದ್ದ ಬಟ್ಟೆ ಗಾಳಿ ತಾಗಿ ನೀಲಿಗೆ ತಿರುಗುತ್ತದೆ. ಕಟ್ಟಿದ ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿದ್ದರೆ ಬಣ್ಣ ಮಡಿಕೆಯೊಳಗೆ ಬೇಗ ಇಳಿಯದು. ಹೀಗೆ ನೆನೆಸುವುದು, ಅದ್ದುವುದು, ಗಾಳಿಗೆ ಒಡ್ಡುವುದು ಎಲ್ಲವೂ ವಿನ್ಯಾಸದ ಭಾಗವಾಗುತ್ತವೆ.

ಕೊರತೆಯೂ ಇದೆ. ಅಂಗೈಯಗಲದ ಮಾದರಿ ತುಂಡುಗಳಲ್ಲಿ ವೈವಿಧ್ಯವನ್ನು ಕಲಿಯಬಹುದು, ಕೈಯ ಸಮತೆಯನ್ನು ಕಲಿಯಲಾಗದು. ಪಠ್ಯಕ್ರಮ ರೂಪಿಸುವವರು ಒಂದು ಕಿಮೊನೊಗೆ ಸಾಲುವ ಬಟ್ಟೆಯನ್ನು, ಅಂದರೆ ಸುಮಾರು 12 ಮೀಟರ್ ಉದ್ದವನ್ನು, ಪ್ರತಿ ವಿದ್ಯಾರ್ಥಿಯಿಂದಲೂ ಒಂದೇ ಕಟ್ಟಿನಲ್ಲಿ ಪೂರ್ತಿ ಮಾಡಿಸಬೇಕು. ಉಳಿದ ವಿಧಾನಗಳು ಆಮೇಲೆ ಬರಲಿ.